ಸಂತೆಕಟ್ಟೆ ಡಿಪೋದ ಬುದ್ಧಿ ಕಳವು

೧೯೮೭ರ ಅಕ್ಟೋಬರ್ ೧೪, ಬುಧವಾರ, ಮಧ್ಯಾಹ್ನ ೩ ಗಂಟೆ ೧೫ ನಿಮಿಷಕ್ಕೆ ಹಾಜಬ್ಬನವರು ಠಾಣೆಯ ಮೆಟ್ಟಿಲು ಹತ್ತಿ ಬಂದು, ತಮ್ಮ ಬಸ್ ಡಿಪೋದಲ್ಲಿ ಬುದ್ಧಿ ಕಳವಾಗಿದೆ ಎಂದು ದೂರಿತ್ತರು.

ಸಬ್ ಇನ್ಸ್‌ಪೆಕ್ಟರ್ ಕೂಸಪ್ಪ ಪೆನ್ನಿನ ಮುಚ್ಚಳ ತೆಗೆದವರು ಹಾಗೆಯೇ ಕುಳಿತರು. ಹದಿನೇಳು ವರ್ಷದ ನೌಕರಿಯಲ್ಲಿ ಅವರು ಕೋಳಿ ಕಳವು, ತೆಂಗಿನಕಾಯಿ ಕಳವು, ದೋಣಿಯ ಎಂಜಿನ್ ಕಳವು, ಒಮ್ಮೆ ಇಡೀ ಗೂಡಂಗಡಿಯ ಕಳವನ್ನೂ ಬರೆದುಕೊಂಡಿದ್ದರು. ಇದು ಹೊಸದು.

"ಯಾರ ಬುದ್ಧಿ?"

"ಬಸ್ಸಿನದ್ದು ಸಾರ್."

ಹೆಡ್ ಕಾನ್‌ಸ್ಟೇಬಲ್ ರೊಸಾರಿಯೊ ಕುರ್ಚಿ ತಂದುಕೊಟ್ಟ ಮೇಲೆ ಹಾಜಬ್ಬ ವಿಷಯವನ್ನು ಮೊದಲಿನಿಂದ ಹೇಳಿದರು. ಹನ್ನೆರಡು ವರ್ಷ ದುಬಾಯಿಯಲ್ಲಿದ್ದು ಬಂದವರು. ಈಗ ಸಂತೆಕಟ್ಟೆಯಲ್ಲಿ ಅವರ ಒಂಬತ್ತು ಬಸ್ಸುಗಳ ಡಿಪೋ. ಅಲ್ಲಿಗೊಂದು ಕಂಪ್ಯೂಟರ್ ತಂದಿದ್ದರು. ಮಣಿಪಾಲದ ಕಾಲೇಜೊಂದರಲ್ಲಿ ಕಲಿಸುವ ಐರಿನ್ ಮೇಡಂ ಅದಕ್ಕೆ ಮೆಕ್ಯಾನಿಕನ ಬುದ್ಧಿ ತುಂಬಿದ್ದರು. ಬಸ್ಸಿಗೆ ಎಂತ ಸಮಸ್ಯೆ ಎಂದು ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ, ಉತ್ತರ ಕೊಟ್ಟರೆ ರೋಗ ಹೇಳುತ್ತದೆ. ಮುಂದಿನ ಸೋಮವಾರದಿಂದ ಅದು 'ಸರಿ' ಎನ್ನದೆ ಒಂದು ಬಸ್ಸೂ ಡಿಪೋದ ಗೇಟು ದಾಟುವಂತಿರಲಿಲ್ಲ. ಆ ಬುದ್ಧಿಯೆಲ್ಲ ಆರು ಫ್ಲಾಪಿಗಳಲ್ಲಿತ್ತು. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಆರೂ ಇಲ್ಲ. ಪೆಟ್ಟಿಗೆ ಮಾತ್ರ ಉಂಟು, ಖಾಲಿ ಮಂಡೆಯ ಹಾಗೆ.

ಐಪಿಸಿ ಕಲಂ ೩೮೦ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಸ್ವತ್ತಿನ ವಿವರ ಬರೆಯುವಲ್ಲಿ ರೊಸಾರಿಯೊ, 'ಕಪ್ಪು ಚೌಕ ತಟ್ಟೆಗಳು ಆರು, ನಡುವೆ ತೂತು, ಹಿಡಿದರೆ ಬಾಗುವಂಥವು' ಎಂದು ಬರೆದರು. ಹಾಜಬ್ಬನವರಿಗೆ ಇದು ಸರಿಹೋಗಲಿಲ್ಲ. 'ಬುದ್ಧಿ' ಎಂಬ ಮಾತು ಎಲ್ಲಾದರೂ ಬರಲೇಬೇಕು ಎಂದು ಹಟ ಹಿಡಿದರು. ಬುದ್ಧಿ ಸ್ಥಿರವೋ ಚರವೋ ಎಂದು ಗೊತ್ತಾಗದೆ ಕೂಸಪ್ಪ ಅದನ್ನು ಷರಾ ಕಾಲಮಿನಲ್ಲಿ ಸೇರಿಸಿದರು.

ನಾಲ್ಕೂವರೆಗೆ ಡಿಪೋದಲ್ಲಿ ಪಂಚನಾಮೆ ನಡೆಯಿತು. ಕಂಪ್ಯೂಟರ್ ಕೋಣೆಯ ಬೀಗ ಒಡೆದಿರಲಿಲ್ಲ. ಬೀಗದ ಕೈ ಆಫೀಸಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಅದು ಅಲ್ಲಿದೆಯೆಂದು ಟಿಕೆಟ್ ಪುಸ್ತಕ ಒಯ್ಯಲು ಬರುವ ಪ್ರತಿಯೊಬ್ಬನಿಗೂ ಗೊತ್ತಿತ್ತು. ಡ್ರೈವರು, ಕಂಡಕ್ಟರುಗಳನ್ನು ಸಾಲಾಗಿ ನಿಲ್ಲಿಸಿ ವಿಚಾರಿಸಿದಾಗ ಕೂಸಪ್ಪನವರಿಗೆ ಬೇರೆಯೇ ತೊಂದರೆ ಎದುರಾಯಿತು. ಸಾಮಾನ್ಯವಾಗಿ ಜನ ಸಂಶಯದಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ಇಲ್ಲಿ ಪೆಟ್ಟಿಗೆ ಬಸ್ಸು ತಡೆದರೆ ದಿನದ ಸಂಪಾದನೆ ಹೋಗುತ್ತದೆಂದು ಎಲ್ಲರಿಗೂ ಸಿಟ್ಟು. ಒಬ್ಬ ಡ್ರೈವರ್, ಕದ್ದದ್ದು ತಾನಲ್ಲ, ಆದರೆ ಶನಿವಾರ ಕದಿಯುವುದೆಂದು ನಿಶ್ಚಯ ಮಾಡಿದ್ದೆ, ಯಾರೋ ಮುಂದಾದರು ಎಂದು ನೊಂದುಕೊಂಡ. ಇನ್ನೊಬ್ಬ, ಕದ್ದವನು ಸಿಕ್ಕಿದರೆ ತಿಳಿಸಬೇಕು, ಚಾ ಕುಡಿಸಲಿಕ್ಕುಂಟು ಎಂದ.

ಸಿಟ್ಟಿಲ್ಲದೆ ಉತ್ತರಿಸಿದವರು ಒಬ್ಬರೇ, ಹೆಡ್ ಮೆಕ್ಯಾನಿಕ್ ಜೋಕಿಮ್ ಮೇಸ್ತ್ರಿ. ವಯಸ್ಸು ಅರುವತ್ತಮೂರು, ವಾಸ ಕಾಪು. ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುವವರೆಂದು ಕಾರ್ಕಳದವರೆಗೂ ಹೆಸರಿತ್ತು. ಪೆಟ್ಟಿಗೆಗೆ ಬುದ್ಧಿ ಹೇಳಿಕೊಟ್ಟವರೂ ಅವರೇ. ಮೂರು ವಾರ ಐರಿನ್ ಮೇಡಂ ಎದುರು ಕುಳಿತು ನಲವತ್ತು ವರ್ಷದ ಕಸುಬನ್ನು ಬರೆಸಿದ್ದರು. ಮಧ್ಯಾಹ್ನ ಒಂದರಿಂದ ಎರಡೂವರೆಯ ತನಕ ಪೆರ್ಡೂರಿನಲ್ಲಿ ಕೆಟ್ಟುನಿಂತ ಬಸ್ಸಿನ ಹತ್ತಿರ ಇದ್ದೆ ಎಂದು ಹೇಳಿ ಅವರು ಕೈ ಒರೆಸಿಕೊಂಡು ಹೋದರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕೂಸಪ್ಪ, ರೊಸಾರಿಯೊ ಮಣಿಪಾಲಕ್ಕೆ ಹೊರಟರು. ಠಾಣೆಯ ಜೀಪು ತಳ್ಳದೆ ಹೊರಡುವ ಪದ್ಧತಿ ಇರಲಿಲ್ಲ. ಚಾಲಕ ರಜೆಯಲ್ಲಿದ್ದುದರಿಂದ ರೊಸಾರಿಯೊ ಸ್ಟೇರಿಂಗ್ ಹಿಡಿದರು, ತಳ್ಳುವ ಕೆಲಸ ಸಾಹೇಬರಿಗೆ ಬಿತ್ತು.

ಕಾಲೇಜಿನಲ್ಲಿ ಐರಿನ್ ಮೇಡಂ ನಗುನಗುತ್ತಾ ಕಾಯುತ್ತಿದ್ದರು. ಇಪ್ಪತ್ತೆಂಟರ ಹುಡುಗಿ, ಕೈಯಲ್ಲೊಂದು ದಪ್ಪ ನೋಟುಪುಸ್ತಕ. ಬುದ್ಧಿ ಎಲ್ಲಿಗೂ ಹೋಗಿಲ್ಲ, ತನ್ನ ಹತ್ತಿರ ನಕಲು ಉಂಟು ಎಂದು ಬೀರುವಿನಿಂದ ಆರು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟರು. ಹಾಜಬ್ಬ ಆಗಲೇ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ಇನ್ನು ದೂರು ಬೇಡ, ಸೋಮವಾರದ ಕೆಲಸ ನಡೆಯುತ್ತದಲ್ಲ, ಸಾಕು ಎಂದರು. ಎಫ್‌ಐಆರ್ ಎಂಬುದು ಅಂಗಡಿಗೆ ಹಿಂತಿರುಗಿಸುವ ಸಾಮಾನಲ್ಲ ಎಂದು ಕೂಸಪ್ಪ ತಿಳಿಹೇಳಬೇಕಾಯಿತು. ಆದರೂ ಕಳವಾದ ವಸ್ತು ಎಂತದೆಂದು ಒಮ್ಮೆ ಕಣ್ಣಾರೆ ನೋಡುವ ಆಸೆ ಅವರಿಗೂ ಇತ್ತು. ನಮ್ಮ ಜೀಪಿನ ರೋಗ ಹೇಳೀತೇ ಎಂದು ಕೇಳಿದರು.

ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಮೇಡಂ ಓದಿ ಹೇಳಿದರು, ರೊಸಾರಿಯೊ ಉತ್ತರ ಕೊಟ್ಟರು. ದೀಪ ಉರಿಯುತ್ತದೆಯೇ? ಮಂಕಾಗಿ. ಕೀಲಿ ತಿರುಗಿಸಿದರೆ ಸದ್ದು ಬರುತ್ತದೆಯೇ? ಟಕ್ ಅಂತ ಒಂದೇ. ಐದನೆಯ ಪ್ರಶ್ನೆಗೆ ಪೆಟ್ಟಿಗೆ ತೀರ್ಪು ಕೊಟ್ಟಿತು: ಬ್ಯಾಟರಿಯ ಅರ್ತ್ ವಯರು ಸಡಿಲವಾಗಿದೆ. ರೊಸಾರಿಯೊ ಹೋಗಿ ವಯರು ಬಿಗಿದು ಕೀಲಿ ತಿರುಗಿಸಿದರು. ಎರಡು ವರ್ಷದಿಂದ ತಳ್ಳಿಸಿಕೊಂಡ ಜೀಪು ಒಂದೇ ಸಲಕ್ಕೆ ಹೊರಟಿತು. ಕಿಟಕಿಯಿಂದ ನೋಡುತ್ತಿದ್ದ ಕೂಸಪ್ಪನವರಿಗೆ ಯಾಕೋ ಸ್ವಲ್ಪ ಅವಮಾನವೂ ಆಯಿತು.

ಒಳಗೆ ಬಂದ ರೊಸಾರಿಯೊಗೆ ಹುರುಪು ಹತ್ತಿತ್ತು. ಬ್ರೇಕ್ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಮೆಲ್ಲನೆ ಕೆಳಗಿಳಿದರೆ ಎಂತ ಮಾಡಬೇಕೆಂದು ಕೇಳಿ ಎಂದರು. ಮೇಡಂ ಪ್ರಶ್ನೆಯನ್ನು ಟೈಪ್ ಮಾಡಿದರು. ಉತ್ತರ ಬಂತು: 'ಬ್ರೇಕ್ ಆಯಿಲ್ ತುಂಬಿಸಿ. ಬಸ್ಸು ಕಳುಹಿಸಬಹುದು.'

ರೊಸಾರಿಯೊ ಟೊಪ್ಪಿ ತೆಗೆದರು.

"ಇದು ಸುಳ್ಳು ಸಾರ್."

ನಾಲ್ಕು ವರ್ಷದ ಹಿಂದೆ ಜೀಪಿಗೆ ಇದೇ ರೋಗ ಬಂದಿತ್ತಂತೆ. ಆಗ ಜೋಕಿಮ್ ಮೇಸ್ತ್ರಿ ಪೆಡಲ್ ಒಮ್ಮೆ ಒತ್ತಿ ನೋಡಿ, ಕೀಲಿಕೈಯನ್ನು ತಮ್ಮ ಕಿಸೆಗೆ ಹಾಕಿಕೊಂಡು, ಪೊಲೀಸರೆಲ್ಲ ಬಸ್ಸಿನಲ್ಲಿ ಹೋಗಿ ಎಂದಿದ್ದರು. ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹೋಗಿದ್ದರೆ ಆಯಿಲ್ ಎಷ್ಟು ತುಂಬಿಸಿದರೂ ಬ್ರೇಕ್ ಯಾವ ಗಳಿಗೆಯಲ್ಲಾದರೂ ಕೈಕೊಡುತ್ತದೆ.

ಐರಿನ್ ಮೇಡಂ ನೋಟುಪುಸ್ತಕ ತೆರೆದರು. ಪ್ರತಿ ಸೂಚನೆಯ ಕೆಳಗೂ ತಾರೀಕು, ಜೋಕಿಮ್ ಮೇಸ್ತ್ರಿಯ ಸಹಿ. ಬ್ರೇಕಿನದ್ದು ಆಗಸ್ಟ್ ೨೧. ತಾನು ತಪ್ಪು ಕೇಳಿಸಿಕೊಂಡಿಲ್ಲ, ಅವರು ಹೇಳಿದ್ದೇ ಹೀಗೆ ಎಂದು ಹೇಳುವಾಗ ಅವರ ದನಿ ಕುಗ್ಗಿತ್ತು.

ಕೂಸಪ್ಪನವರ ಊರು ಬಜಗೋಳಿ. ಕುದುರೆಮುಖದಲ್ಲಿ ಟೀಚರಾಗಿರುವ ಅವರ ತಂಗಿ ಸೋಮವಾರ ಘಾಟಿ ಹತ್ತುವುದೂ ಶುಕ್ರವಾರ ಇಳಿಯುವುದೂ ಹಾಜಬ್ಬನವರ ಬಸ್ಸಿನಲ್ಲೇ. ಮೇಜಿನ ಮೇಲಿನ ಆರು ಫ್ಲಾಪಿಗಳನ್ನು ಅವರು ಎತ್ತಿ ಮೇಡಂ ಕೈಗೆ ಕೊಟ್ಟು, ಬೀರುವಿನಲ್ಲಿಟ್ಟು ಬೀಗ ಹಾಕಲು ಹೇಳಿದರು.

ಸಂಜೆ ಡಿಪೋದ ಬ್ರೇಕ್‌ಡೌನ್ ರಿಜಿಸ್ಟರ್ ತರಿಸಿ ನೋಡಿದಾಗ ಉಳಿದ ವಿಷಯವೂ ತಿಳಿಯಿತು. ಪೆರ್ಡೂರಿನಲ್ಲಿ ನಿಂತಿದ್ದ ಬಸ್ಸು ಬುಧವಾರ ಹನ್ನೆರಡಕ್ಕೇ ತಾನಾಗಿ ಸ್ಟಾರ್ಟ್ ಆಗಿ ಡಿಪೋಗೆ ಬಂದಿತ್ತು. ಒಂದು ಗಂಟೆಗೆ ಮೇಸ್ತ್ರಿ ಅಲ್ಲಿ ರಿಪೇರಿ ಮಾಡಲು ಬಸ್ಸೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ೭ ಗಂಟೆ ೧೦ ನಿಮಿಷಕ್ಕೆ ಜೀಪು ಕಾಪುವಿನಲ್ಲಿ ಜೋಕಿಮ್ ಮೇಸ್ತ್ರಿಯ ಮನೆಯೆದುರು ನಿಂತಿತು. ಮೇಸ್ತ್ರಿಯ ಹೆಂಡತಿ ಮ್ಯಾಗ್ಡಲಿನ್‌ಬಾಯಿ ಜೊತೆಗೆ ಬಂದ ಇಬ್ಬರು ಪಂಚರಿಗೂ ಸೇರಿಸಿ ಐದು ಲೋಟ ಚಾ ತಂದರು. ಹಿತ್ತಲಿನ ಜಗಲಿಯ ಗೋಡೆಯಲ್ಲಿ ಹಳೆ ಗ್ಯಾಸ್ಕೆಟ್, ವಾಷರು, ಬೆಲ್ಟು ಒಂದೊಂದು ಮೊಳೆಗೆ ತೂಗುತ್ತಿದ್ದವು. ನಡುವೆ ಒಂದು ಮೊಳೆಯಲ್ಲಿ ಆರು ಫ್ಲಾಪಿಗಳೂ ಇದ್ದವು. ತೂತಿರುವ ವಸ್ತುವನ್ನು ಮೊಳೆಗಲ್ಲದೆ ಇನ್ನೆಲ್ಲಿ ಇಡುವುದು ಎಂಬಂತೆ ಮೇಸ್ತ್ರಿ ನೋಡಿದರು.

"ಬ್ರೇಕ್ ಪೆಡಲ್ ಮೆಲ್ಲನೆ ಇಳಿದರೆ ಎಂತ ಮಾಡಬೇಕು ಮೇಸ್ತ್ರಿಗಳೇ?" ಕೂಸಪ್ಪ ಕೇಳಿದರು.

"ಬಸ್ಸು ನಿಲ್ಲಿಸಬೇಕು. ಕಪ್ ಹೋಗಿದೆ."

"ಮೆಷಿನ್ ಬೇರೆ ಹೇಳ್ತದಲ್ಲ?"

"ನಾನು ಹೇಳಿದ್ದನ್ನು ಅದು ಹೇಳ್ತದೆ. ಅದಕ್ಕೆಂತ ಗೊತ್ತು, ಪಾಪ." ಮೇಸ್ತ್ರಿ ಫ್ಲಾಪಿಗಳತ್ತ ಕೈ ತೋರಿಸಿದರು. "ಇನ್ನು ಹೇಳುವುದಿಲ್ಲ. ತಂದು ಇಟ್ಟಿದ್ದೇನೆ."

ಮಣಿಪಾಲದಲ್ಲಿ ನಕಲು ಇದೆಯೆಂದು ಕೂಸಪ್ಪ ತಿಳಿಸಿದರು. ಮೇಸ್ತ್ರಿ ಚಾ ಲೋಟವನ್ನು ಕೆಳಗಿಟ್ಟರು.

"ಬುದ್ಧಿಗೆ ನಕಲು ಉಂಟಾ?"

ಅಲ್ಲಿಂದ ಮುಂದೆ ನಡೆದಂಥ ಬಂಧನವನ್ನು ಕೂಸಪ್ಪ ಕಂಡದ್ದು ಅದೇ ಮೊದಲು. ಮಹಜರು ಬರೆಯಲು ಕುಳಿತ ರೊಸಾರಿಯೊ ಅವರನ್ನು ಮೇಸ್ತ್ರಿ, ಬೇಗ ಬರೆ ಮಾರಾಯ ಎಂದು ಅವಸರಪಡಿಸಿದರು. ಅಂಗಿಯ ಗುಂಡಿ ಹಾಕುತ್ತಾ ಎಲ್ಲರಿಗಿಂತ ಮೊದಲು ಹೋಗಿ ಜೀಪಿನಲ್ಲಿ ಕುಳಿತರು. ೭ ಗಂಟೆ ೫೦ ನಿಮಿಷಕ್ಕೆ ದಸ್ತಗಿರಿ ಆಯಿತೆಂದು ಡೈರಿಯಲ್ಲಿ ಇದೆ. ನಿಜವಾಗಿ ಆರೋಪಿಯೇ ಪೊಲೀಸರನ್ನು ಕರೆದುಕೊಂಡು ಹೋದ.

ಠಾಣೆಗೆ ಐರಿನ್ ಮೇಡಂ ಪುಸ್ತಕದೊಂದಿಗೆ ಬಂದರು. ಮೇಸ್ತ್ರಿ ತಾವು ಹೇಳಿದ ಸುಳ್ಳುಗಳನ್ನು ಬೆರಳು ಮಡಚುತ್ತಾ ಹೇಳಿ ತಿದ್ದಿಸಿದರು. ಒಟ್ಟು ಹನ್ನೊಂದು, ಒಂದೂ ಮರೆತಿರಲಿಲ್ಲ. ಹತ್ತು ಸಣ್ಣವು, ಬಸ್ಸು ಸ್ವಲ್ಪ ಹೊಗೆ ಬಿಡುವಂಥವು. ಮೆಷಿನ್ ಸೋತು ತನ್ನ ಹತ್ತಿರ ಬರಲಿ ಎಂದು ಹೇಳಿದ್ದು. ಬ್ರೇಕಿನದ್ದು ಮಾತ್ರ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಆ ದಿನ ಬೆಳಿಗ್ಗೆ ಧಣಿ ಹಾಜಬ್ಬನವರು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು, ಎಲ್ಲ ಬರೆಸಿ ಮುಗಿದ ಮೇಲೆ ನೀವು ಮನೆಯಲ್ಲಿ ಆರಾಮ ಮಾಡಬಹುದು ಎಂದು ಪ್ರೀತಿಯಿಂದಲೇ ಹೇಳಿದ್ದರು. ಮರುದಿನ ತಿದ್ದಬಹುದಿತ್ತು. ತಿದ್ದಿದರೆ ಸುಳ್ಳು ಹೇಳಿದೆನೆಂದು ಒಪ್ಪಬೇಕಲ್ಲ. ಕದಿಯುವುದೇ ಮರ್ಯಾದೆಯ ದಾರಿ ಎಂದು ಕಂಡಿತಂತೆ.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಕಾಗದ ಸಿದ್ಧವಾಗುವಾಗ ಹಾಜಬ್ಬ ಬಂದರು. ದೂರುದಾರರೇ ಜಾಮೀನು ನಿಲ್ಲಬಹುದೋ ಎಂದು ವಿಚಾರಿಸಿದರು. ಎರಡು ಬಸ್ಸು ಬೆಳಿಗ್ಗೆಯಿಂದ ಕೆಟ್ಟು ನಿಂತಿದ್ದವು.

ಐರಿನ್ ಮೇಡಂ ಮೇಸ್ತ್ರಿಯ ಪಕ್ಕದ ಬೆಂಚಿನಲ್ಲಿ ಕುಳಿತರು. ಮೆಷಿನಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಎಂತ ಹೇಳುತ್ತದೆ ಗೊತ್ತುಂಟಾ ಎಂದು ಕೇಳಿದರು. ಮೇಸ್ತ್ರಿಗೆ ಗೊತ್ತಿರಲಿಲ್ಲ. ಅವರಿಗೆ ಇಂಗ್ಲಿಷ್ ಓದಲು ಬಾರದು. ಮೇಡಂ ಪುಸ್ತಕದ ಕೊನೆಯ ಹಾಳೆ ತೆರೆದು, ಬೆರಳಿಟ್ಟು ನಿಧಾನವಾಗಿ ಓದಿದರು.

"ನನಗೆ ತಿಳಿಯದು. ಜೋಕಿಮ್ ಮೇಸ್ತ್ರಿಯನ್ನು ಕೇಳಿರಿ."

ಮೇಸ್ತ್ರಿ ಆ ಸಾಲಿನಲ್ಲಿ ತಮ್ಮ ಹೆಸರು ಎಲ್ಲಿದೆಯೆಂದು ಕೇಳಿ ತಾವೂ ಬೆರಳಿಟ್ಟು ನೋಡಿದರು. ಆಮೇಲೆ ಕೂಸಪ್ಪನವರತ್ತ ತಿರುಗಿದರು.

"ಅದು ಕೇಳುವ ಹೊತ್ತಿಗೆ ನಾನು ಡಿಪೋದಲ್ಲಿ ಇರಬೇಕಲ್ವಾ ಸಾರ್?"

ಕೋರ್ಟು ಏಳುವ ಮೊದಲು ಜಾಮೀನು ಆಗಬೇಕಿತ್ತು. ಕೂಸಪ್ಪ ಕಾಗದಗಳಿಗೆ ಬೇಗ ಬೇಗ ಸಹಿ ಹಾಕಿದರು.