ಬದುಕಿದ್ದವನಿಗೆ ಬಡಿಸಿದ ಎಲೆ

"ಅತ್ತೆ, ಸಣ್ಣ ಮಗನ ಎಲೆಗೆ ಮೀನು ಬಡಿಸಿದ್ರಾ? ವಾರಿಜಕ್ಕ ಹೊರಗೆ ಕೂತಿದ್ದಾರೆ, ಅವರಿಗೆ ಕೇಳುವ ಹಾಗೆ ಹೆಸರು ಹೇಳಿ ಕರೀರಿ!"

ಸೊಸೆ ಹರಿಣಾಕ್ಷಿ ಕಿವಿಯ ಬಳಿ ಬಂದು ಪಿಸುಗುಟ್ಟಿದಾಗ ಅಪ್ಪಿ ಸೌಟನ್ನು ಪಾತ್ರೆಗೆ ಇಳಿಸಿದಳು. ಕರಾವಳಿಯ ಆಟಿ ತಿಂಗಳು. ಸತ್ತವರು ಮನೆಗೆ ಬಂದು ಉಂಡು ಹೋಗುವ ದಿನ. ಬಿಜೈ ಬಡಾವಣೆಯ ಆ ಬಾಡಿಗೆ ಮನೆಯ ಒಳಕೋಣೆಯಲ್ಲಿ ಎರಡು ಬಾಳೆಲೆ ಹಾಕಿತ್ತು. ಒಂದು ಗಂಡ ಚನಿಯನಿಗೆ, ಇನ್ನೊಂದು ಕಿರಿಯ ಮಗ ಮುಖೇಶನಿಗೆ. ಚನಿಯ ನಿಜವಾಗಿಯೂ ಸತ್ತಿದ್ದ. ಮುಖೇಶ ಸತ್ತಿರಲಿಲ್ಲ... ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿ ಜೈಲಿನಲ್ಲಿದ್ದ!

ಅವನು ಬಂದರಿನಲ್ಲಿ ಮೀನು ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಅಲ್ಲಿನ ಗೋದಾಮಿನಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳ ಹೆಣ ಹೊಳೆಬದಿಯಲ್ಲಿ ಸಿಕ್ಕಿತು. ಅವಳ ಕೊಡೆ ಮುಖೇಶನ ಪಿಕಪ್‌ನಲ್ಲಿತ್ತು. ಹಿಂದಿನ ವಾರ ಮಳೆಗೆ ಹತ್ತಿಸಿಕೊಂಡಿದ್ದೆ, ಮರೆತು ಹೋದಳು ಎಂದು ಅವನು ಅತ್ತುಕೊಂಡು ಹೇಳಿದ. ಕೊಲೆಯಾದ ಸಂಜೆ ಜ್ವರ ಬಂದು ಮನೆಯಲ್ಲೇ ಮಲಗಿದ್ದೆ, ಅತ್ತಿಗೆಯೇ ಗಂಜಿ ಬಡಿಸಿದ್ದು, ಅವರನ್ನೇ ಕೇಳಿ ಎಂದ. ಕೇಳಿದರು. ಹರಿಣಾಕ್ಷಿ ಕೋರ್ಟಿನಲ್ಲಿ ನಿಂತು, ಆ ದಿನ ತಾನು ತವರಿನಲ್ಲಿದ್ದೆ ಎಂದಳು. ತಮ್ಮನ ಪರ ಮಾತಾಡಿದರೆ ಪೊಲೀಸರು ತನ್ನನ್ನೂ ಎಳೆಯುತ್ತಾರೆಂದು ಹೆದರಿ ಗಂಡ ಜಿತೇಶನೇ ಹಾಗೆ ಹೇಳಿಸಿದ್ದ. ಆ ಸಂಜೆ ಅಪ್ಪಿ ತಂಗಿಯ ಮನೆಯಲ್ಲಿದ್ದಳು. ಹಿಂತಿರುಗಿದಾಗ ಜಗಲಿಯಲ್ಲಿ ಅವನು ಉಂಡಿಟ್ಟ ಗಂಜಿಯ ಬಟ್ಟಲು ಕಂಡಿದ್ದಳು! ಆದರೂ ಬಾಯಿ ಬಿಡಲಿಲ್ಲ. ಒಬ್ಬ ಮಗ ಹೋದ, ಅನ್ನ ಹಾಕುವ ಇನ್ನೊಬ್ಬನಾದರೂ ಉಳಿಯಲಿ ಎಂದುಕೊಂಡ ಆ ತಾಯಿಯನ್ನು ಬೈಯುವುದೋ, ಅಯ್ಯೋ ಅನ್ನುವುದೋ?

ಆಮೇಲೆ ಮನೆ ಬದಲಾಯಿತು. ಬಿಜೈಯಲ್ಲಿ ಯಾರಿಗೂ ಇವರ ಗುರುತಿಲ್ಲ. ಮೈದುನ ದುಬೈಯಲ್ಲಿ ಎದೆನೋವಿನಿಂದ ಹೋಗಿಬಿಟ್ಟರು ಎಂದು ಹರಿಣಾಕ್ಷಿ ನೆರೆಕರೆಗೆಲ್ಲ ಕಣ್ಣೊರೆಸಿಕೊಂಡೇ ಹೇಳಿದಳು. ಸತ್ತವನೆಂದ ಮೇಲೆ ಆಟಿಗೆ ಎಲೆ ಬೇಡವೇ? ಮೊದಲ ವರ್ಷ ಅಪ್ಪಿ ಅತ್ತಳು. ಆಮೇಲೆ ನಾಚಿಕೆಗೆಟ್ಟವಳ ಹಾಗೆ ಆ ದಿನಕ್ಕೇ ಕಾಯತೊಡಗಿದಳು. ವರ್ಷದಲ್ಲಿ ಆ ಒಂದು ದಿನ ಮಾತ್ರ ಈ ಮನೆಯಲ್ಲಿ ಮುಖೇಶನ ಹೆಸರನ್ನು ಗಟ್ಟಿಯಾಗಿ ಕರೆಯಬಹುದಿತ್ತು.

ಈ ಸಲ ಜಿತೇಶನ ಮಗಳು ನಿರೀಕ್ಷಾಳ ಮದುವೆ ಗೊತ್ತಾಗಿತ್ತು. ಹುಡುಗನ ತಾಯಿ ವಾರಿಜಕ್ಕ ಊಟಕ್ಕೆ ಬಂದಿದ್ದರು.

"ಮುಖೇಶಾ... ಬಾ ಮಗಾ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದೇನೆ. ಬಂದು ಉಣ್ಣು!"

ಕರೆದು, ಹಿತ್ತಲ ಬಾಗಿಲು ತೆರೆದಿಟ್ಟು, ಕೋಣೆಯ ಬಾಗಿಲೆಳೆದು ಅಪ್ಪಿ ಜಗಲಿಗೆ ಬಂದಳು. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಎಲ್ಲರೂ ಜಗಲಿಯಲ್ಲೇ ಕಾದರು. ಸ್ವಲ್ಪ ಹೊತ್ತಿನ ಮೇಲೆ ಜಿತೇಶ ಎದ್ದು ಬಾಗಿಲು ತಳ್ಳಿದವನು ಹಾಗೇ ಹಿಂದಕ್ಕೆ ಸರಿದ.

ಎರಡನೆಯ ಎಲೆಯ ಮುಂದೆ ಒಬ್ಬ ಕೂತು ಉಣ್ಣುತ್ತಿದ್ದ. ತಲೆ ಅರ್ಧ ನರೆತಿತ್ತು. ಪಕ್ಕದಲ್ಲೊಂದು ಪ್ಲಾಸ್ಟಿಕ್ ಚೀಲ. ಬಂಗುಡೆಯ ಮುಳ್ಳುಗಳನ್ನು ಚಿಕ್ಕವನಿದ್ದಾಗಿನಂತೆಯೇ ಎಲೆಯ ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ.

"ಹಿತ್ತಲಲ್ಲಿ ನಿಂತಿದ್ದೆ ಅಮ್ಮ. ಒಳಗೆ ಬರ್ಲಿಕ್ಕೆ ಧೈರ್ಯ ಬರ್ಲಿಲ್ಲ. ನೀವು ಕರೆದ್ರಿ, ಬಂದೆ."

ಅಪ್ಪಿ ಹೊಸ್ತಿಲು ದಾಟಿ ಒಳಗೆ ಬಂದಳು. "ಹೇಗೆ... ಹೇಗೆ ಬಿಟ್ರು ಮಗಾ?"

"ಅಣ್ಣ ಹೇಳ್ಲಿಲ್ವಾ? ವಕೀಲರು ಫೋನ್ ಮಾಡಿದ್ರಲ್ಲ. ಈ ಮನೆಯ ದಾರಿ ಹೇಳಿದ್ದೂ ಅವರೇ. ಬೇರೆ ಕೇಸಲ್ಲಿ ಒಬ್ಬ ಸಿಕ್ಕಿಬಿದ್ದ, ಎಷ್ಟೋ ಹೆಂಗಸರನ್ನು ಕೊಂದವ. ಆ ಹುಡುಗಿಯ ಸರ ಅವನ ಮನೆಯಲ್ಲೇ ಇತ್ತಂತೆ, ರಕ್ತಪರೀಕ್ಷೆಯಲ್ಲೂ ಅವನೇ ಅಂತ ಆಯ್ತು. ನನ್ನದು ತಪ್ಪಿಲ್ಲ ಅಂತ ಹೈಕೋರ್ಟೇ ಹೇಳಿತು, ಅಮ್ಮ!"

ಆ ಹಂತಕನ ಸುದ್ದಿ ವಾರವಿಡೀ ಟಿವಿಯಲ್ಲಿ ಬಂದಿತ್ತು. ಕಾಣುವಾಗೆಲ್ಲ ಜಿತೇಶ ಚಾನೆಲ್ ಬದಲಿಸುತ್ತಿದ್ದ. ಅದೇಕೆಂದು ಅಪ್ಪಿಗೆ ಈಗ ತಿಳಿಯಿತು.

ವಾರಿಜಕ್ಕ ಬಾಗಿಲವರೆಗೆ ಬಂದರು. "ಎಂತ ಗಲಾಟೆ? ಯಾರಿವರು?"

"ಯಾರೋ ಬೇಡುವವ ಅಕ್ಕ, ಹಿತ್ತಲಿಂದ ನುಗ್ಗಿದ್ದಾನೆ!" ಹರಿಣಾಕ್ಷಿಯ ಬಾಯಿ ತಡವರಿಸಲಿಲ್ಲ.

ಮುಖೇಶ ಅವಳನ್ನು ನೋಡಿ, ಅವಳಿಗಷ್ಟೇ ಕೇಳುವ ಹಾಗೆ ದನಿ ತಗ್ಗಿಸಿದ. "ಅತ್ತಿಗೆ, ಆ ದಿನ ಗಂಜಿ ಹಾಕಿದ್ದೂ ಬೇಡುವವನಿಗೇನಾ?" ಆಮೇಲೆ ತಾಯಿಯತ್ತ ತಿರುಗಿದ. ಅವಳ ಬಾಯಿಂದ ಬರುವ ಮಾತಿಗೆ ಕಾದ.

ಅಪ್ಪಿ ಬಾಯಿ ತೆರೆದಳು. ಅಷ್ಟರಲ್ಲಿ ವಾರಿಜಕ್ಕನ ಹಿಂದೆ ನಿರೀಕ್ಷಾಳ ಬಿಳಿಚಿದ ಮುಖ ಕಂಡಿತು. ಎತ್ತಿ ಆಡಿಸಿದ ಮೊಮ್ಮಗಳು! ಮಾತು ಅಲ್ಲೇ ನಿಂತಿತು. ಹೆಚ್ಚು ಹೊತ್ತಲ್ಲ, ಒಂದು ಉಸಿರಿನಷ್ಟು. ಮುಖೇಶನಿಗೆ ಅದು ಸಾಕಾಯಿತು.

ಎಲೆಯನ್ನು ಮಡಚಿ ಎದ್ದ. "ಹೌದಕ್ಕ, ಹಸಿವಾಗಿತ್ತು. ತಪ್ಪಾಯ್ತು," ಎಂದು ವಾರಿಜಕ್ಕನಿಗೆ ಕೈ ಮುಗಿದು, ಚೀಲ ಎತ್ತಿಕೊಂಡು ಹಿತ್ತಲ ದಾರಿ ಹಿಡಿದ.

ಹರಿಣಾಕ್ಷಿ ನಿರಾಳವಾಗಿ ಉಸಿರು ಬಿಟ್ಟಳು. ಜಿತೇಶ ಬೆವರೊರೆಸಿಕೊಂಡು, "ಅಮ್ಮ, ಆ ಜಾಗ ಸ್ವಲ್ಪ ಒರೆಸಿಬಿಡಿ," ಎಂದ.

ಒರೆಸಿಬಿಡಿ! ಇಷ್ಟು ವರ್ಷ ಅವಳು ಮಾಡಿದ್ದೂ ಅದನ್ನೇ. ಅಪ್ಪಿ ವಾರಿಜಕ್ಕನ ಎದುರು ಹೋಗಿ ನಿಂತಳು.

"ಅವ ಬೇಡುವವ ಅಲ್ಲ ವಾರಿಜಕ್ಕ, ನನ್ನ ಮಗ! ನಾನು ಹೆತ್ತ ಮುಖೇಶ! ದುಬೈಗೆ ಹೋಗಲೇ ಇಲ್ಲ. ಮಾಡದ ಕೊಲೆಗೆ ಜೈಲಲ್ಲಿದ್ದ. ಗಂಜಿ ಬಟ್ಟಲು ತೊಳೆದವಳು ನಾನೇ, ಕೋರ್ಟಲ್ಲಿ ಹೇಳ್ಲಿಲ್ಲ... ಈ ಹುಡುಗಿಗೆ ಎಂತದೂ ಗೊತ್ತಿಲ್ಲ. ಮದುವೆ ಬೇಕೋ ಬೇಡವೋ, ನೀವೇ ನೋಡಿಕೊಳ್ಳಿ."

"ಅಮ್ಮಾ! ನಿಮಗೆ ತಲೆ ಸರಿ ಉಂಟಾ?" ಜಿತೇಶ ಕೂಗಿದ.

"ಬರುವ ಆಟಿಗೂ ಎರಡೇ ಎಲೆ ಹಾಕು ಜಿತೇಶ. ಎರಡನೇದಕ್ಕೆ ನನ್ನ ಹೆಸರು ಹೇಳು."

ಸೆರಗಿನಲ್ಲಿ ಮುಖ ಒರೆಸಿಕೊಂಡು ಅಪ್ಪಿ ಬರಿಗಾಲಲ್ಲೇ ರಸ್ತೆಗಿಳಿದಳು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಮಗ ದೂರ ಹೋಗಿದ್ದ. "ಮುಖೇಶಾ!" ಎಂದು ಕೂಗಿದಳು. ಅವನು ನಿಲ್ಲಲಿಲ್ಲ. ಮತ್ತೆ ಕೂಗಿದಳು. ಅಂಗಡಿಯವರೆಲ್ಲ ಹೊರಬಂದು ನೋಡಿದರು. ಅವನು ನಿಂತ, ಆದರೆ ತಿರುಗಲಿಲ್ಲ. ಅಪ್ಪಿ ಏದುಸಿರು ಬಿಡುತ್ತ ಹತ್ತಿರ ಬಂದು ಚೀಲಕ್ಕೆ ಕೈ ಹಾಕಿದಳು.

"ಬೇಡ ಅಮ್ಮ, ನಾನೇ ಹಿಡ್ಕೊಳ್ತೇನೆ," ಎಂದ ಮುಖೇಶ. ಬರಬೇಡಿ ಎನ್ನಲಿಲ್ಲ. ಬನ್ನಿ ಎಂದೂ ಹೇಳಲಿಲ್ಲ. ಅವನ ಹಿಂದೆ ಎರಡು ಹೆಜ್ಜೆ ಬಿಟ್ಟು ಅಪ್ಪಿ ನಡೆದಳು.