ಆರು ಹೊಡೆಯುವ ಮೊದಲೇ

"ಅರ್ಚೂ, ಬರ್ತಿಯೋ ಇಲ್ಲೋ? ಟೀಮ್ ಆಗಾಕತ್ತಾವು," ಎಂದು ಮೇಘಾ ರಸ್ತೆಯ ಆಚೆಯಿಂದ ಮೂರನೆಯ ಸಲ ಕೂಗಿದಳು.

ಅರ್ಚನಾ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ಕುತ್ತಿಗೆ ಉದ್ದ ಮಾಡಿ ನೋಡಿದಳು. ಶಾಲೆಯ ಬಯಲಿನಲ್ಲಿ ಹುಡುಗಿಯರು ಖೋ ಖೋ ಆಟಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಪಿ.ಟಿ. ಸರ್ ಸೀಟಿ ಹಿಡಿದುಕೊಂಡು ನಿಂತಿದ್ದರು. ಮುಂದಿನ ವಾರ ಮೂಡಲಗಿಯಲ್ಲಿ ಮ್ಯಾಚ್ ಇತ್ತು. ಯಾರು ಯಾರು ಹೋಗಬೇಕು ಎಂದು ಸರ್ ಇವತ್ತೇ ಆರಿಸುವವರಿದ್ದರು.

ಗೋಡೆಯ ಗಡಿಯಾರದಲ್ಲಿ ಐದೂ ಮುಕ್ಕಾಲಾಗಿತ್ತು. ಅದು ಮುಂದಕ್ಕೇ ಹೋಗುತ್ತಿಲ್ಲ ಎಂದು ಅರ್ಚನಾಳಿಗೆ ಅನಿಸಿತು. ಸ್ಟೂಲಿನಿಂದ ಇಳಿದಳು, ಮತ್ತೆ ಹತ್ತಿ ಕೂತಳು. ಬೆಲ್ಲದ ಪೆಂಟೆಯ ಮೇಲಿನ ಇರುವೆಗಳನ್ನು ಊದಿದಳು. ಮತ್ತೆ ಇಳಿದಳು.

ಅವಳ ಅವ್ವ ಕಸ್ತೂರಿ ಅಂಗಡಿಯ ಒಣಮೆಣಸಿನಕಾಯಿ ಒಯ್ದು ಖಾರ ಕುಟ್ಟಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಳು. ಆರು ಹೊಡೆಯುವ ತನಕ ಕೂತಿರು, ಆರಕ್ಕೆ ಶಟರ್ ಎಳೆದು ಕೀಲಿ ಹಾಕು ಎಂದು ಎರಡೆರಡು ಸಲ ಹೇಳಿದ್ದಳು.

ಕುಲಗೋಡದ ಆ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ ಮಹಿಳಾ, ಸಹಕಾರಿ ಎಂದೆಲ್ಲ ಉದ್ದದ ಹೆಸರಿತ್ತು. ಊರವರು ಮಾತ್ರ ಸಂಘದ ಅಂಗಡಿ ಎನ್ನುತ್ತಿದ್ದರು. ಆರು ವರ್ಷದ ಹಿಂದೆ ಊರಿನ ನೂರಾ ಇಪ್ಪತ್ತು ಹೆಂಗಸರು ಕೂಡಿ ಅದನ್ನು ತೆರೆದಿದ್ದರು. ಬೇಳೆ, ಎಣ್ಣೆ, ಸೋಪು ಎಲ್ಲವನ್ನೂ ಗೋಕಾಕದ ಪೇಟೆಯಿಂದ ಒಟ್ಟಿಗೆ ತರಿಸುತ್ತಿದ್ದರು. ಅಂಗಡಿಯಲ್ಲಿ ಕೂತು ತೂಗಿ ಕೊಡುವವರನ್ನು ಪ್ರತಿ ವರ್ಷ ಸಭೆ ಮಾಡಿ ಆರಿಸುತ್ತಿದ್ದರು. ಮೂರು ವರ್ಷದಿಂದ ಆ ಕೆಲಸ ಕಸ್ತೂರಿಯದಾಗಿತ್ತು.

ಬಯಲಿನಲ್ಲಿ ಸರ್ ಸೀಟಿ ಊದಿದರು. ಅರ್ಚನಾಳ ಕಾಲು ಇನ್ನು ನಿಲ್ಲಲಿಲ್ಲ. ಹೊರಗೆ ಬಂದು ಶಟರ್ ಎಳೆದಳು. ಕೀಲಿ ತಿರುಗಿಸುತ್ತಿದ್ದಾಗ ಹಿಂದಿನಿಂದ ಯಾರದೋ ಏದುಸಿರು ಕೇಳಿಸಿತು.

ಮಾಯವ್ವ ಆಯಿ ನಿಂತಿದ್ದಳು. ತಲೆಯ ಮೇಲೆ ಕಬ್ಬಿನ ಸೋಗೆಯ ಹೊರೆ ಇತ್ತು, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡಿದ್ದಳು. ಊರ ಹೊರಗಿನ ಕುರಿದೊಡ್ಡಿಯ ಹತ್ತಿರ ಅವಳ ಮನೆ.

"ಒಂದು ಚಹಾಪುಡಿ ಪಾಕೀಟು ಬೇಕಾಗಿತ್ತು ತಂಗಿ," ಎಂದಳು.

"ಬಂದ್ ಆಗೇತ್ರಿ ಆಯಿ. ನಾಳೆ ಬರ್ರಿ."

ಮಾಯವ್ವ ಹೊರೆಯನ್ನು ಹಿಡಿದುಕೊಂಡೇ ಸೂರ್ಯನ ಕಡೆ ಕಷ್ಟಪಟ್ಟು ಕತ್ತು ತಿರುಗಿಸಿದಳು. "ಆರು ಹೊಡೀತೇನು?"

"ಹೂಂನ್ರಿ, ಹೊಡೀತ್ರಿ," ಎಂದು ಹೇಳಿ ಅರ್ಚನಾ ಓಡಿಬಿಟ್ಟಳು.

ಆ ಸಂಜೆ ಅವಳು ಎಷ್ಟು ಚೆನ್ನಾಗಿ ಓಡಿದಳೆಂದರೆ, ಪಿ.ಟಿ. ಸರ್ ಮೊದಲು ಅವಳ ಹೆಸರನ್ನೇ ಬರೆದುಕೊಂಡರು.

ಮರುದಿನ ಶುಕ್ರವಾರ. ಬೆಳಿಗ್ಗೆ ಅವ್ವನ ಜೊತೆ ನಳದ ಹತ್ತಿರ ನೀರು ತುಂಬುತ್ತಿದ್ದಾಗ, ಬಾಜೂ ಮನೆಯ ಉದ್ದವ್ವ ಸುದ್ದಿ ತಂದಳು. ನಿನ್ನೆ ಮಾಯವ್ವನ ಮನೆಗೆ ತುಕ್ಕಾನಟ್ಟಿಯಿಂದ ಬೀಗರು ಬಂದಿದ್ದರಂತೆ. ಮಗಳನ್ನು ಆ ಮನೆಗೆ ಕೊಟ್ಟ ಮೇಲೆ ಅವರು ಮೊದಲನೆಯ ಸಲ ಬಂದದ್ದಂತೆ. ಮನೆಯಲ್ಲಿ ಚಹಾಪುಡಿ ತೀರಿತ್ತು. ಬೀಗರು ಬಂದ ಸುದ್ದಿ ಕೇಳಿ ಬೇಗ ಹೊಲ ಬಿಟ್ಟ ಮಾಯವ್ವ ದಾರಿಯಲ್ಲೇ ಸಂಘದ ಅಂಗಡಿಗೆ ಬಂದರೆ ಬಾಗಿಲು ಹಾಕಿತ್ತು. ಬಾಜೂ ಮನೆಯಿಂದ ಕೇಳಿ ತಂದು ನೀರು ಕಾಯಿಸುವಷ್ಟರಲ್ಲಿ ಆರರ ಬಸ್ಸು ಬಂತು. ಬೀಗರು ಹಾಗೇ ಎದ್ದು ಹೋದರು.

ಕಸ್ತೂರಿ ಕೊಡವನ್ನು ಕೆಳಗಿಟ್ಟಳು. ಆರರ ಒಳಗೆ ಅಂಗಡಿ ಮುಚ್ಚುವುದೇ ಇಲ್ಲ, ಮಾಯವ್ವ ಅಕ್ಕ ತಡ ಮಾಡಿ ಬಂದಿರಬೇಕು, ಬಸ್ಸೂ ತಡವಾಗಿರಬೇಕು ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು.

"ನಿನ್ನೆ ಆರಕ್ಕ ಎಳದಿ ಹೌದಲ್ಲ?"

ಅರ್ಚನಾ ಹೌದೆಂದು ತಲೆ ಆಡಿಸಿದಳು. ಕೊಡ ತುಂಬಿ ನೀರು ಅವಳ ಕಾಲಿನ ಮೇಲೆ ಹರಿಯುತ್ತಿತ್ತು. ಅದು ಅವಳಿಗೆ ತಿಳಿಯಲೇ ಇಲ್ಲ.

ಆ ದಿನ ಶಾಲೆಯಲ್ಲಿ ಅವಳು ಕೂತಲ್ಲಿ ಕೂಡಲಿಲ್ಲ. ಪೆನ್ಸಿಲ್ ಕೆತ್ತಿ ಕೆತ್ತಿ ಅರ್ಧ ಮಾಡಿದಳು. ಮಧ್ಯಾಹ್ನದ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವಳು, ತನ್ನ ಸರದಿ ಬಂದಾಗ ಹೊರಳಿ ಹೋದಳು. ಸಂಜೆ ಆಟದಲ್ಲಿ ಮೇಘಾ ಬೆನ್ನು ತಟ್ಟಿ ಖೋ ಕೊಟ್ಟರೂ ಅರ್ಚನಾ ಏಳದೆ ಕೂತೇ ಇದ್ದಳು. ಎಲ್ಲರೂ ಕೂಗಿಕೊಂಡರು. ಮೈಯಲ್ಲಿ ಹುಷಾರಿಲ್ಲವೇನು ಎಂದು ಸರ್ ಕೇಳಿದರು. ಹುಷಾರಿದ್ದೇನೆ ಎಂದಳು.

ಬರುವ ರವಿವಾರವೇ ಸಭೆ ಇತ್ತು. ಅಂಗಡಿಯಲ್ಲಿ ಮುಂದಿನ ವರ್ಷ ಯಾರು ಕೂಡಬೇಕು ಎಂದು ಅವತ್ತೇ ಆರಿಸುವವರಿದ್ದರು. ಮಾಯವ್ವ ಸಭೆಗೆ ಬರದಿದ್ದರೆ ಚೆನ್ನ. ಬಂದರೂ ಬಾಯಿ ಬಿಡದಿದ್ದರೆ ಚೆನ್ನ. ದಾರಿಯುದ್ದಕ್ಕೂ ಅರ್ಚನಾ ಇದನ್ನೇ ಯೋಚಿಸಿದಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಅದೇ ಯೋಚನೆ ಬಂತು.

ಶನಿವಾರ ಶಾಲೆ ಮಧ್ಯಾಹ್ನವೇ ಬಿಟ್ಟಿತು. ಅವ್ವ ಅಂಗಡಿಯಲ್ಲಿ ಗೋಣಿಚೀಲ ಬಿಚ್ಚುತ್ತಿದ್ದಾಗ ಅರ್ಚನಾ ಸಾಲಾಗಿ ಇಟ್ಟಿದ್ದ ಪಾಕೀಟುಗಳಿಂದ ಒಂದು ಚಹಾಪುಡಿ ಪಾಕೀಟು ತೆಗೆದು ಶಾಲೆಯ ಪಾಟೀಚೀಲದೊಳಗೆ ತುರುಕಿದಳು. ಕುರಿದೊಡ್ಡಿಯ ಕಡೆ ಅರ್ಧ ಓಡುತ್ತ, ಅರ್ಧ ನಡೆಯುತ್ತ ಹೋದಳು.

ಮಾಯವ್ವ ದೊಡ್ಡಿಯ ಬಾಗಿಲಲ್ಲಿ ಕೂತು ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು. ಅರ್ಚನಾ ಪಾಕೀಟನ್ನು ಅವಳ ಮುಂದೆ ಇಟ್ಟಳು. ಏನು ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಯಾರು ಕೊಟ್ಟು ಕಳಿಸಿದ್ರು?" ಎಂದು ಮಾಯವ್ವ ಕೇಳಿದಳು.

"ಯಾರೂ ಇಲ್ರಿ. ನಾನ ತಂದೀನಿ."

"ನಿಮ್ಮವ್ವಗ ಗೊತ್ತೈತೇನು?"

ಅರ್ಚನಾ ಮರಿಯ ಕಾಲನ್ನೇ ನೋಡುತ್ತ ನಿಂತಳು.

ಮಾಯವ್ವ ಮುಳ್ಳನ್ನು ಕಿತ್ತು ಬೆರಳ ತುದಿಯಲ್ಲಿ ಹಿಡಿದು ನೋಡಿ ಒಗೆದಳು. ಮರಿ ಕುಂಟುತ್ತ ತಾಯಿಯ ಕಡೆ ಓಡಿತು. ಆಮೇಲೆ ಅವಳು ಸಾವಕಾಶವಾಗಿ ಹೇಳಿದಳು. "ಆ ಅಂಗಡಿ ನಂದೂ ಐತಿ ತಂಗಿ. ಅದನ್ನ ಕಟ್ಟೂ ಮುಂದ ನಾನೂ ಕಲ್ಲು ಹೊತ್ತೀನಿ. ಈಗ ನಂದನ್ನ ಕದ್ದು ತಂದು ನನಗ ಕೊಡಾಕ ಬಂದಿಯೇನು?"

ಅವಳು ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಇಡು ಎಂದು ಹೇಳಿ ಇನ್ನೊಂದು ಮರಿಯನ್ನು ಹತ್ತಿರ ಎಳೆದುಕೊಂಡಳು.

ಅರ್ಚನಾ ಪಾಕೀಟನ್ನು ಒಯ್ದು ಮೊದಲಿನ ಜಾಗದಲ್ಲೇ ಇಟ್ಟಳು. ಆದರೂ ಮನಸ್ಸು ಹಗುರವಾಗಲಿಲ್ಲ. ದಿನಾ ನೋಡುವ ಆ ಅಂಗಡಿ ಈಗ ಬೇರೆ ಯಾರದೋ ಮನೆಯ ಹಾಗೆ ಕಂಡಿತು. ತಾನು ಕೀಲಿ ಹಾಕಿದ್ದು ಯಾರ ಬಾಗಿಲಿಗೆ? ಅದಕ್ಕೆ ಉತ್ತರ ಹೊಳೆಯುತ್ತಿತ್ತು, ಆದರೆ ಅವಳು ಅದನ್ನು ಪೂರ್ತಿ ಯೋಚಿಸದೆ ಪುಸ್ತಕ ತೆರೆದು ಕೂತಳು.

ರವಿವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಹೆಂಗಸರು ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದರು. ಮಕ್ಕಳು ಹಿಂದೆ ಗೋಡೆಗೆ ಒರಗಿದ್ದರು. ಮಾಯವ್ವ ಬಂದಿದ್ದಳು. ಅವಳನ್ನು ನೋಡಿದ ಕೂಡಲೇ ಅರ್ಚನಾ ಗೋಡೆಯ ಮೂಲೆಗೆ ಸರಿದು ಕೂತಳು.

ಸಂಘದ ಅಧ್ಯಕ್ಷೆ ಗುಡ್ಡವ್ವ ಮೊದಲು ಮಾಲಿನ ವಿಷಯ ಹೇಳಿದಳು. ಈ ಸಲದ ತೊಗರಿಬೇಳೆ ಬೇಗ ಬೇಯುವುದಿಲ್ಲ ಎಂದು ಇಬ್ಬರು ಎದ್ದು ಹೇಳಿದರು. ಅದರ ಮೇಲೆ ಬಹಳ ಹೊತ್ತು ಮಾತು ನಡೆಯಿತು. ಕಡೆಗೆ ಗುಡ್ಡವ್ವ, ಕಸ್ತೂರಿಯನ್ನೇ ಮುಂದುವರಿಸೋಣವೇ, ಯಾರದಾದರೂ ತಕರಾರು ಇದೆಯೇ ಎಂದು ಕೇಳಿದಳು.

ಮಾಯವ್ವ ಮೊಳಕಾಲಿನ ಮೇಲೆ ಕೈ ಊರಿ ಎದ್ದಳು.

"ಗುರುವಾರ ನಾ ಬಂದಾಗ ಬಾಗಲಾ ಹಾಕಿತ್ತು. ನಮ್ಮ ಬೀಗರು ಆರರ ಬಸ್ಸಿಗೆ ಹಂಗ ಹ್ವಾದ್ರು," ಎಂದಳು.

ಕಸ್ತೂರಿಯ ಮುಖ ಕೆಂಪಾಯಿತು. ಅವಳೂ ಎದ್ದು ನಿಂತಳು. ಮೂರು ವರ್ಷದಲ್ಲಿ ಜ್ವರ ಬಂದಾಗಲೂ ಹೊತ್ತಿನ ಒಳಗೆ ಶಟರ್ ಎಳೆದವಳಲ್ಲ ಎಂದಳು. ಕೆಲವರು ಹೌದು ಹೌದು ಎಂದರು. ಕೆಲವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

"ಬೇಕಾದ್ರ ನನ್ನ ಮಗಳ ಮ್ಯಾಲೆ ಆಣಿ ಮಾಡ್ತೀನಿ," ಎಂದಳು ಕಸ್ತೂರಿ.

ಮಾಯವ್ವ ಹಿಂದಿನ ಗೋಡೆಯ ಕಡೆ ನೋಡಿದಳು. ಅವಳ ಕಣ್ಣು ಅರ್ಚನಾಳ ಮೇಲೆ ಒಂದು ಗಳಿಗೆ ನಿಂತಿತು.

"ಆಣಿ ಬ್ಯಾಡ ಬಿಡ ಕಸ್ತೂರಿ," ಎಂದಳು. "ನಾನ ತಡಾ ಮಾಡಿ ಬಂದಿರಬೇಕು."

ಹಾಗೆ ಹೇಳಿ ಅವಳು ಕೂತುಬಿಟ್ಟಳು. ಕಸ್ತೂರಿಯೂ ಕೂತಳು. ಮಾತು ಮುಗಿದ ಹಾಗೆ ಗುಡ್ಡವ್ವ ಹಾಳೆ ಮಗುಚಿದಳು.

ಎರಡು ದಿನದಿಂದ ಅರ್ಚನಾ ಬೇಡಿಕೊಂಡದ್ದು ಇದನ್ನೇ. ಈಗ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಬಗ್ಗಿ ಕೂತಿದ್ದ ಮಾಯವ್ವನ ಬೆನ್ನು ಅವಳಿಗೆ ಕಾಣುತ್ತಿತ್ತು. ಆ ಬೆನ್ನನ್ನು ನೋಡುತ್ತ ಕೂಡಲು ಅವಳಿಂದ ಆಗಲಿಲ್ಲ.

"ತಡಾ ಆಗಿರ್ಲಿಲ್ರಿ," ಎಂದಳು. ತಾನು ಯಾವಾಗ ಎದ್ದು ನಿಂತೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಎಲ್ಲರೂ ಹಿಂದೆ ತಿರುಗಿದರು.

"ಆಯಿ ಬಂದಾಗ ಐದೂ ಮುಕ್ಕಾಲ ಆಗಿತ್ರಿ. ನನಗ ಖೋ ಖೋ ಆಡಾಕ ಹೋಗೂದಿತ್ತು. ಆರು ಹೊಡೀತು ಅಂತ ಸುಳ್ಳ ಹೇಳಿದೆನ್ರಿ."

ಯಾರೋ ಒಬ್ಬರು ನಕ್ಕರು. ಇನ್ಯಾರೋ, ಸಣ್ಣ ಹುಡುಗಿಯ ಕೈಯಲ್ಲಿ ಕೀಲಿ ಕೊಟ್ಟವರು ಯಾರು ಎಂದು ಕೇಳಿದರು. ಅರ್ಚನಾ ಅವ್ವನ ಕಡೆ ನೋಡಲಿಲ್ಲ. ಆದರೆ ಅವ್ವನ ದನಿ ಕೇಳಿಸಿತು. ಅದು ದಿನದ ದನಿಯಂತಿರಲಿಲ್ಲ.

"ಕೊಟ್ಟಾಕಿ ನಾನ. ತಪ್ಪು ನಂದು," ಎಂದಳು ಕಸ್ತೂರಿ.

ಆಗ ಕಬ್ಬು ಕಡಿಯಲು ಹೋಗುವ ಸುಂದ್ರವ್ವ ಎದ್ದಳು. ಐದೂ ಮುಕ್ಕಾಲಿನ ಮಾತು ಹಾಗಿರಲಿ, ಆರಕ್ಕೆ ಮುಚ್ಚಿದರೂ ತಮಗೆ ಸಿಗುವುದಿಲ್ಲ ಎಂದಳು. ಹೊಲ ಬಿಟ್ಟು ಊರು ಮುಟ್ಟುವಷ್ಟರಲ್ಲಿ ಏಳಾಗುತ್ತದೆ. ಇಷ್ಟು ದಿನ ಮಕ್ಕಳನ್ನು ಕಳಿಸಿ ತರಿಸಿಕೊಂಡಿದ್ದಾಯಿತು, ಮಕ್ಕಳಿಲ್ಲದವರು ಏನು ಮಾಡಬೇಕು ಎಂದು ಕೇಳಿದಳು. ಅವಳ ಮಾತಿಗೆ ಹತ್ತಾರು ದನಿಗಳು ಕೂಡಿದವು. ಇಷ್ಟೊಂದು ಜನ ಮುಚ್ಚಿದ ಬಾಗಿಲನ್ನು ನೋಡಿ ಹೊರಳಿ ಹೋಗಿದ್ದರೆಂದು ಅವತ್ತಿನ ತನಕ ಯಾರೂ ಹೇಳಿರಲಿಲ್ಲ.

ಊಟದ ಹೊತ್ತಿಗೆ ತೀರ್ಮಾನವಾಯಿತು. ಇನ್ನು ಮುಂದೆ ಅಂಗಡಿ ರಾತ್ರಿ ಎಂಟರ ತನಕ ತೆರೆದಿರಬೇಕು. ಆದರೆ ಸಂಜೆ ಎಮ್ಮೆ ಹಿಂಡುವುದು, ಅಡುಗೆ ಮಾಡುವುದು ಬಿಟ್ಟು ಕಸ್ತೂರಿಗೆ ಅಷ್ಟು ಹೊತ್ತು ಕೂಡಲು ಆಗುತ್ತಿರಲಿಲ್ಲ. ಅವಳಿಗೆ ಬೆಳಗಿನ ಹೊತ್ತು ಉಳಿಯಿತು. ಸಂಜೆಯ ಹೊತ್ತಿಗೆ ಸುಂದ್ರವ್ವ ಹೊಲದಿಂದ ಬೇಗ ಹೊರಟು ಬಂದು ಕೂಡಬೇಕೆಂದಾಯಿತು.

ಮನೆಗೆ ಹೋಗುವಾಗ ಅವ್ವ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಯಾವಾಗ ಬೈಯುತ್ತಾಳೋ ಎಂದು ಅರ್ಚನಾ ಕಾಯುತ್ತಲೇ ಇದ್ದಳು. ಅವ್ವ ಬೈಯಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗಿತ್ತು. ಕಡೆಯ ರೊಟ್ಟಿಯನ್ನು ತವೆಯ ಮೇಲೆ ಹಾಕಿ, "ಎಲ್ಲಾರ ಮುಂದ ನಾನ ಮಾಯವ್ವ ಅಕ್ಕನ ಮಾತ ಸುಳ್ಳ ಮಾಡಿಬಿಟ್ಟೆ ನೋಡು," ಎಂದಳು. ಅದನ್ನು ಅವಳು ತನಗೇ ಹೇಳಿಕೊಂಡ ಹಾಗಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವ್ವ ಅವಳನ್ನು ಕರೆದುಕೊಂಡು ಕುರಿದೊಡ್ಡಿಗೆ ಹೋದಳು. ಅಲ್ಲಿ ದೊಡ್ಡ ಮಾತೇನೋ ನಡೆಯುತ್ತದೆ ಎಂದು ಅರ್ಚನಾ ಉಗುರು ಕಡಿಯುತ್ತ ನಿಂತಿದ್ದಳು. ತಾನು ಹಾಗೆ ಅನ್ನಬಾರದಿತ್ತು ಎಂದು ಅವ್ವ ಒಂದೇ ಮಾತು ಹೇಳಿದಳು. ಮಾಯವ್ವ ಹೂಂ ಎಂದಳು. ಆಮೇಲೆ ಇಬ್ಬರೂ ಕುರಿಗಳ ಕಾಲುಬೇನೆಯ ವಿಷಯ ಮಾತಾಡುತ್ತ ಕೂತರು. ಏಳುವಾಗ ಮಾಯವ್ವ, ನಿನ್ನ ಮ್ಯಾಚ್ ಯಾವಾಗ ಎಂದು ಅರ್ಚನಾಳನ್ನು ಕೇಳಿದಳು.

ಮೂಡಲಗಿಯ ಮ್ಯಾಚಿನಲ್ಲಿ ಅವರು ಮೊದಲ ಆಟದಲ್ಲೇ ಸೋತರು. ಯಾಕೆ ಸೋತೆವು ಎಂದು ಬಸ್ಸಿನ ತುಂಬ ಜಗಳವಾಡುತ್ತ ಊರಿಗೆ ಬಂದರು.

ಬಸ್ಸು ಇಳಿದಾಗ ಆರೂವರೆ ದಾಟಿತ್ತು. ಸಂಘದ ಅಂಗಡಿಯ ಮುಂದೆ ಬಿಸ್ಕೀಟಿನ ಟೆಂಪೊ ನಿಂತಿತ್ತು. ಸುಂದ್ರವ್ವ ಒಳಗಿನ ಕೋಣೆಯಲ್ಲಿ ಬೆಲ್ಲದ ಪೆಂಟೆ ಇಳಿಸುತ್ತಿದ್ದಳು. ಗೋಕಾಕದಿಂದ ಬಂದಿದ್ದ ಮಾರಾಟದ ಹುಡುಗ ಹೊಸವನು. ಕೈಯಲ್ಲಿ ಒಂದು ಕಾಗದ ಹಿಡಿದು ಆಚೆ ಈಚೆ ನೋಡುತ್ತಿದ್ದ.

"ತಂಗಿ, ಈ ಅಂಗಡಿ ಮಾಲಕರು ಯಾರು? ಹೊಸಾ ಮಾಲು ಇಡೂ ಸಲುವಾಗಿ ಅವರನ್ನ ಕೇಳಬೇಕಾಗಿತ್ತು," ಎಂದ.

ಅರ್ಚನಾ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಹೊಲದ ದಾರಿಯಲ್ಲಿ ಸೋಗೆಯ ಹೊರೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮಬ್ಬು ಬೆಳಕಿನಲ್ಲಿ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಕೈಯಲ್ಲಿದ್ದ ಚೀಲಗಳು ಮಾತ್ರ ಕಾಣುತ್ತಿದ್ದವು.

ಅವಳು ಒಳಗಿನಿಂದ ಸ್ಟೂಲನ್ನು ತಂದು ಅವನಿಗೆ ಹಾಕಿದಳು.

"ಕುಂದರ್ರಿ ಅಣ್ಣಾ. ಮಾಲಕರು ಹೊಲದಿಂದ ಈಗ ಬರಾಕತ್ತಾರ," ಎಂದಳು.

ಅವನು ಕೂತ. ಅರ್ಚನಾ ಕಟ್ಟೆಯ ಮೇಲೆ ನಿಂತು ಬರುತ್ತಿದ್ದವರನ್ನು ಎಣಿಸತೊಡಗಿದಳು. ಹದಿನಾಲ್ಕು ಆಗುವಷ್ಟರಲ್ಲಿ ಕಬ್ಬಿನ ಟ್ರಾಕ್ಟರ್ ಒಂದು ಅಡ್ಡ ಬಂತು. ಅದು ದಾಟಿಹೋಗಲಿ ಎಂದು ಅವಳು ಕಾಯುತ್ತ ನಿಂತಳು.