ಐಸ್ ಕೋಣೆಯಲ್ಲಿ ತೆಗೆದ ಕತ್ತಲೆ

ಅರಬ್ಬಿ ಸಮುದ್ರ ಇವತ್ತಿಗೂ ಹೆಪ್ಪುಗಟ್ಟದೆ ಉಳಿದಿದ್ದರೆ ಅದು ಒಬ್ಬನೇ ಒಬ್ಬನ ಉಪಕಾರ: ಸಾಸ್ತಾನದ ರೂಪೇಶನದು. ಅವನ ಐಸ್ ಪ್ಲಾಂಟಿನ ಚಳಿ ಅಂಥದ್ದು. ಬಾಗಿಲನ್ನು ಒಂದು ಗಳಿಗೆ ತೆರೆದಿಟ್ಟಿದ್ದರೆ ಸಾಕಿತ್ತು, ಮಲ್ಪೆಯಿಂದ ಬೈಂದೂರಿನವರೆಗೆ ದೋಣಿಗಳೆಲ್ಲ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ಮೀನುಗಾರರು ಸಮುದ್ರದ ಮೇಲೆ ನಡೆದೇ ಮನೆಗೆ ಬರಬೇಕಾಗುತ್ತಿತ್ತು. ನಂಬದವರು ನಂಬುವುದು ಬೇಡ. ರೂಪೇಶನಿಗೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ.

ಇಂಥ ರೂಪೇಶನ ಅಂಗಳಕ್ಕೆ ಮೇ ತಿಂಗಳ ಒಂದು ಮಧ್ಯಾಹ್ನ ಸ್ಕೂಟರೊಂದು ಬಂದು ನಿಂತಿತು. ಇಳಿದವಳ ಹೆಗಲಲ್ಲಿ ಕ್ಯಾಮೆರಾ ಚೀಲ. ರೂಪೇಶನ ಎದೆ ಧಸಕ್ಕೆಂದಿತು. ಯಾವುದೋ ಚಾನೆಲ್ಲಿನವಳು! ಐಸಿನಲ್ಲಿ ಸಿಕ್ಕಿಬಿದ್ದ ನೊಣವನ್ನು ಟಿವಿಯಲ್ಲಿ ತೋರಿಸಲು ಬಂದಿದ್ದಾಳೆ!

"ಹ್ವಾಯ್, ಇಲ್ಲ್ ಐಸಿನ್ ಫೋಟೋ ತೆಗುಕಾಗ!"

"ಐಸಿಂದ್ ಯಾರಿಗ್ ಬೇಕ್? ನಂಗೆ ಕತ್ಲಿದ್ ಫೋಟೋ ತೆಗುಕಿತ್ತ್."

"ಎಂತದ್ದ್?"

"ಕತ್ಲಿದ್. ಚಳಿ ಇಪ್ಪ ಕತ್ಲಿ. ನಿಮ್ ಹತ್ರ ಇತ್ತ್ ಅಂದ್ರ್."

ಹಾಗೆಂದು ಅವಳು ಕನ್ನಡಕದ ಮೇಲಿನಿಂದ ನೋಡಿ ನಕ್ಕಳು. ಒಳಗೆ ಪೇರಿಸಿಟ್ಟ ಐಸಿನಲ್ಲಿ ಅರ್ಧದಷ್ಟು ಆ ಕ್ಷಣವೇ ನೀರಾಯಿತು.

ಅವಳು ಕೋಟೇಶ್ವರದ ಸುಪ್ರೀತಾ. ಮನೆಯಲ್ಲೇ ಕೂತು ದೊಡ್ಡ ದುರ್ಬೀನುಗಳ ಕ್ಯಾಮೆರಾಗಳಿಗೆ ಸಾಫ್ಟ್‌ವೇರ್ ಬರೆಯುವವಳು. ಕ್ಯಾಮೆರಾದೊಳಗಿನ ಸೆನ್ಸರ್ ಎನ್ನುವುದು ಬಲು ಸುಳ್ಳುಬುರುಕ. ಪೂರ್ತಿ ಕತ್ತಲೆಯಲ್ಲಿಟ್ಟರೂ ತನ್ನದೇ ಬಿಸಿಗೆ ಇಲ್ಲದ ಬೆಳಕು ಕಂಡೆ ಎನ್ನುತ್ತದೆ. ನಕ್ಷತ್ರವೇ ಇಲ್ಲದಲ್ಲಿ ಚುಕ್ಕಿ ಇಡುತ್ತದೆ. ಅದಕ್ಕೇ ಮೊದಲು ಬರೀ ಕತ್ತಲೆಯ ನೂರಾರು ಫೋಟೋ ತೆಗೆಯಬೇಕು. ಅದು ಹೇಳುವ ಸುಳ್ಳೆಷ್ಟು ಎಂದು ಅಳೆಯಬೇಕು. ಆಮೇಲೆ ಆಕಾಶದ ಫೋಟೋದಿಂದ ಅಷ್ಟನ್ನು ಕಳೆದರೆ ಉಳಿಯುವುದು ನಿಜವಾದ ನಕ್ಷತ್ರ. ಈ ಕ್ಯಾಮೆರಾ ಹೋಗಿ ಕೂರಬೇಕಾದದ್ದು ಹಿಮದ ಬೆಟ್ಟದ ಮೇಲೆ. ಕೋಟೇಶ್ವರದ ಸೆಕೆಯಲ್ಲಿ ಅದರ ಪರೀಕ್ಷೆ ನಡೆಸುವುದು ಹೇಗೆ?

"ಚಳಿ ಅಂದ್ರೆ ನಮ್ದೇ ಚಳಿ," ಎಂದ ರೂಪೇಶ. "ಬಾಗ್ಲ್ ತೆಗ್ದಿಟ್ರೆ ಸಮುದ್ರವೇ ಗಟ್ಟಿ ಆತ್ತ್, ಗೊತ್ತಾ?"

"ಅಯ್ಯೋ, ನೀವೂ ನಮ್ ಸೆನ್ಸರ್ ಹಾಂಗೇ," ಎಂದಳು ಸುಪ್ರೀತಾ. "ಎಷ್ಟ್ ಕಳೀಕ್ ಅಂದೇಳಿ ಲೆಕ್ಕ ಹಾಕ್ತೆ, ತಡೀನಿ."

ಅವತ್ತೇ ಏರ್ಪಾಡಾಯಿತು. ಕ್ಯಾಮೆರಾ ಐಸ್ ಕೋಣೆಯೊಳಗೆ, ವಯರು ಬಾಗಿಲ ಸಂದಿಯಿಂದ ಹೊರಗೆ, ಲ್ಯಾಪ್‌ಟಾಪು ಅಂಗಳದ ಚಪ್ಪರದಡಿ ರೂಪೇಶನ ಮೇಜಿನ ಮೇಲೆ. ಷರತ್ತು ಒಂದೇ: ಫೋಟೋ ನಡೆಯುವಾಗ ಬಾಗಿಲು ತೆರೆಯಬಾರದು. ಮೊದಲ ದಿನವೇ ಒಂದು ದೋಣಿಗೆ ಅವಸರವಾಗಿ ಐಸು ಬೇಕಾಗಿ, ರೂಪೇಶ ಮರೆತು, ಮೊಬೈಲ್ ಟಾರ್ಚ್ ಹಿಡಿದು ಒಳಗೆ ನುಗ್ಗಿಬಿಟ್ಟ. ಸುಪ್ರೀತಾ ಪರದೆಯನ್ನು ನೋಡಿದಳು. ಅವನನ್ನು ನೋಡಿದಳು. ಮತ್ತೆ ಪರದೆಯನ್ನು ನೋಡಿದಳು.

"ಬೆಳ್ಕ್ ಬಿತ್ತಲೆ ಮಾರಾಯ್ರೆ. ನಾಳೆ ಮತ್ತ್ ಬರ್ಕಾತ್ತ್."

ಆ 'ನಾಳೆ'ಯನ್ನು ರೂಪೇಶ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡೇ ಮಲಗಿದ.

ಆಮೇಲೆ ಅವನಂಥ ಕಾವಲುಗಾರ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಪಕ್ಕದ ಮನೆಯಿಂದ ಅವನ ತಾಯಿ ಸರಸಕ್ಕ "ಚಾ ಕುಡುಕೆ ಬಾ ಹೆಣೆ" ಎಂದು ಕೂಗಿ ಸುಪ್ರೀತಾಳನ್ನು ಕರೆದೊಯ್ದರೆ, ರೂಪೇಶ ಬಾಗಿಲಿಗೆ ಬೆನ್ನು ಕೊಟ್ಟು ಕಲ್ಲಿನ ಹಾಗೆ ನಿಲ್ಲುತ್ತಿದ್ದ. ಒಂದು ಇರುವೆಯೂ ಒಳಗೆ ಹೋಗುತ್ತಿರಲಿಲ್ಲ. ಆದರೂ ದಿನವೂ ಒಳಗೆ ಬೆಳಕು ಬೀಳುತ್ತಿತ್ತು! ಹೇಗೆ ಬೀಳುತ್ತಿತ್ತೋ ಆ ಕೋಟಿಲಿಂಗೇಶ್ವರನೇ ಬಲ್ಲ. ದಿನವೂ ಸುಪ್ರೀತಾ ಪರದೆ ನೋಡಿ ನಿಟ್ಟುಸಿರಿಟ್ಟು "ನಾಳೆ ಬತ್ತೆ" ಎನ್ನುತ್ತಿದ್ದಳು.

ಕ್ಯಾಮೆರಾ ಸರಿಮಾಡಿ ಐಸ್ ಕೋಣೆಯಿಂದ ಹೊರಬಂದಾಗ ಸೆಕೆಗೆ ಅವಳ ಕನ್ನಡಕ ಪೂರ್ತಿ ಮಂಜಾಗುತ್ತಿತ್ತು. ಅವಳಿಗೆ ಏನೂ ಕಾಣದ ಆ ಅರೆಗಳಿಗೆ ರೂಪೇಶನದು. ಹುಲಿಯ ಧೈರ್ಯದಿಂದ ಅವನು ಅವಳನ್ನು ನೋಡುತ್ತಿದ್ದ. ಚಳಿಗೆ ಕೆಂಪಾದ ಮೂಗಿನ ತುದಿ, ಹಣೆಗೆ ಅಂಟಿದ ಒಂದೆಳೆ ಕೂದಲು, ನಗುವನ್ನು ಹಿಡಿದಿಟ್ಟ ತುಟಿ.

ಶಾಲಿನ ಅಂಚನ್ನು ಕನ್ನಡಕದ ಹತ್ತಿರ ತಂದು, ಅಲ್ಲೇ ತಡೆದು, ಅವಳು ಕೇಳುತ್ತಿದ್ದಳು: "ಕಂಡಾಯ್ತಾ? ಒರ್ಸ್ಲಾ?"

ಮುಚ್ಚಿದ ಬಾಗಿಲು, ಕತ್ತಲೆ ಕೋಣೆ, ಒಂದು ಹೆಣ್ಣು, ಒಂದು ಗಂಡು. ಊರಿನ ಬಾಯಿಗೆ ಇನ್ನೇನು ಬೇಕು? ಸುದ್ದಿ ಸಾಸ್ತಾನದ ಟೋಲ್ ಗೇಟಿನಲ್ಲೂ ನಿಲ್ಲದೆ ಕೋಟೇಶ್ವರ ಮುಟ್ಟಿತು. ಸುಪ್ರೀತಾಳ ಸೋದರಮಾವ ಚಂದಯ್ಯನವರು ಅವಳನ್ನು ಬ್ರಹ್ಮಾವರದ ಹೋಟೆಲಿನವರ ಮನೆಗೆ ಕೊಡುವುದೆಂದು ಮಾತಾಡಿಟ್ಟಿದ್ದರು. ಜೀಪು ಹತ್ತಿ ಬಂದೇಬಿಟ್ಟರು. ಅವರ ಸಿಟ್ಟಿಗೆ ದಾರಿಯ ತೆಂಗಿನಮರಗಳೆಲ್ಲ ಹಿಂದಕ್ಕೆ ಬಾಗಿ ನಿಂತವು.

"ಹೊರ್ಡ್ ಹೆಣೆ. ಸಾಕ್ ನಿನ್ ಕತ್ಲಿ. ನಾಳೆಯಿಂದ ಇಲ್ಲ್ ಕಾಲಿಡುಕಾಗ."

ನಾಳೆಯೇ ಇಲ್ಲ! ರೂಪೇಶ ನಡುವೆ ಬಿದ್ದ. "ಕೆಲ್ಸ ಮುಗಿಲಿಲ್ಲ ಮಾವಯ್ಯ! ದಿನಾ ಬೆಳ್ಕ್ ಬೀಳತ್ತ್. ಆ ಕ್ಯಾಮೆರಾದ್ದೇ ತಪ್ಪ್."

"ಕ್ಯಾಮೆರಾದ್ ತಪ್ಪಾ?" ಸುಪ್ರೀತಾ ಲ್ಯಾಪ್‌ಟಾಪನ್ನು ನಿಧಾನವಾಗಿ ಅವನ ಕಡೆ ತಿರುಗಿಸಿದಳು. "ಈ ಕಪ್ಪ್ ಫೋಟೋ ಎಲ್ಲ ನಾ ಇಲ್ಲ್ ಕೂತಿದ್ದಾಗಿಂದ್. ಈ ಬೆಳಿ ಆದ್ದ್ ಎಲ್ಲ ನಾ ಚಾ ಕುಡುಕೆ ಹೋದಾಗಿಂದ್. ಒಂದ್ ದಿನವೂ ತಪ್ಲಿಲ್ಲ. ಬಾಗ್ಲ್ ಕಾಯ್ತಾ ಇದ್ದದ್ ಯಾರ್?"

ರೂಪೇಶ ಪರದೆ ನೋಡಿದ. ನೆಲ ನೋಡಿದ.

"ನಾನೇ," ಎಂದ. "ಟಾರ್ಚ್ ಹಾಕಿ ಬಾಗ್ಲ್ ತೆಗಿತಿದ್ದೆ. ಕೆಲ್ಸ ಮುಗ್ದ್ರೆ ನೀವ್ ಮತ್ತ್ ಬಪ್ದಿಲ್ಲ ಅಲ್ದಾ."

"ಕೇಳ್ದ್ಯಾ!" ಚಂದಯ್ಯನವರು ಮೇಜು ಕುಟ್ಟಿದರು. "ನಿನ್ ಕೆಲ್ಸ ಹಾಳ್ ಮಾಡ್ದವ ಇವ!"

"ಹಾಳಾಗ್ಲಿಲ್ಲ ಮಾವ. ಬೆಳ್ಕ್ ಬಿದ್ದ ಫೋಟೋ ಇದ್ರೆ ನನ್ನ್ ಸಾಫ್ಟ್‌ವೇರ್ ತನ್ನಷ್ಟಕ್ಕೇ ಹೆರ್ಕಿ ಬಿಸಾಡತ್ತ್. ಹಾಂಗೇ ಬರ್ದದ್ ನಾನ್. ಈ ಕೆಲ್ಸ ಎರಡ್ನೇ ದಿನಕ್ಕೇ ಮುಗ್ದಿತ್ತ್."

"ಹಂಗಾರೆ ಇಷ್ಟ್ ದಿನ ಎಂತಕೆ ಬಂದದ್?"

"ಬಪ್ಪುಕೆ ಮನ್ಸಾಯ್ತ್, ಬಂದೆ." ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ನಾಳೆಯೂ ಬತ್ತೆ. ಬ್ರಹ್ಮಾವರದವ್ರಿಗೆ ನೀವೇ ಹೇಳಿ. ಇಲ್ದಿರೆ ನಾನೇ ಹೋಯಿ ಹೇಳ್ತೆ."

ಚಂದಯ್ಯನವರು ರೂಪೇಶನ ಕಡೆ ತಿರುಗಿದರು. "ನಿಂದೆಂತ?"

ಆಗ ಎದ್ದ ನೋಡಿ ರೂಪೇಶ! ಮುಂಗಾರಿನ ಮೊದಲ ಗುಡುಗಿನ ಹಾಗೆ ಗುಡುಗಿದ. ಹೆಣ್ಣಿನ ಮನಸ್ಸಿನ ಮೇಲೆ ಯಾವ ಮಾವನಿಗೂ ಅಧಿಕಾರವಿಲ್ಲವೆಂದು ಅರ್ಧ ಗಂಟೆ ನಿಲ್ಲಿಸದೆ ಮಾತಾಡಿದ. ಬಂದರಿನ ದೋಣಿಗಳೆಲ್ಲ ಎಂಜಿನ್ ನಿಲ್ಲಿಸಿ ಕೇಳಿದವು. ಚಂದಯ್ಯನವರ ಕಣ್ಣಲ್ಲಿ ಧಾರಾಕಾರ ನೀರು. ಅವರು ಓಡಿಬಂದು ರೂಪೇಶನನ್ನು ತಬ್ಬಿ...

"ಅದೆಲ್ಲ ಯಾವಾಗ ಆಯ್ತ್?"

ಹೀಗೆ ಕೇಳಿದವಳು ಸುಪ್ರೀತಾ. ಈಗ, ಇಲ್ಲಿ, ಬರೆಯುವವನ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. ಸರಿ, ಸಿಕ್ಕಿಬಿದ್ದೆ. ನಿಜ ಹೇಳುತ್ತೇನೆ.

ರೂಪೇಶ ಎಂದರೆ ನಾನೇ. ಅವತ್ತು ನಾನು ಗುಡುಗಲಿಲ್ಲ. ಬಾಯಿಗೆ ಬಂದದ್ದು "ಚಾ ಕುಡಿತ್ರ್ಯಾ ಮಾವಯ್ಯ?" ಎಂಬ ಒಂದೇ ಮಾತು. ಅವರು ಕುಡಿಯಲಿಲ್ಲ. ಜೀಪು ಹತ್ತಿದರು. ಇವತ್ತಿಗೂ ನಮ್ಮಿಬ್ಬರ ಹತ್ತಿರ ಮಾತಾಡುವುದಿಲ್ಲ.

ನನ್ನ ಕೈ ನಡುಗುತ್ತಿತ್ತು. ಚಳಿಗೆ ಎಂದು ಬರೆಯಬಹುದಿತ್ತು, ಆದರೆ ನಾವು ನಿಂತದ್ದು ಹೊರಗೆ, ಮೇ ತಿಂಗಳ ಬಿಸಿಲಲ್ಲಿ. ಜೀಪು ಇನ್ನೂ ಗೇಟು ದಾಟಿರಲಿಲ್ಲ. ಆ ನಡುಗುವ ಕೈಯನ್ನು ಅವಳೇ ಬಂದು ಹಿಡಿದಳು. ಹಿಡಿದು, ಜೀಪಿನ ಕನ್ನಡಿಯಲ್ಲಿ ಮಾವನಿಗೆ ಸರಿಯಾಗಿ ಕಾಣುವ ಹಾಗೆ, ಸ್ವಲ್ಪ ಮೇಲಕ್ಕೆ ಎತ್ತಿದಳು.